ಕಂದೀಲು ಹಿಡಿದ ಕಾವಲುಗಾರ

ಅವರ ಬಲಗೈ ಹೆಬ್ಬೆರಳಿನ ಉಗುರು ದನದ ಕೊಂಬಿನ ಹಾಗೆ ದಪ್ಪಗೆ ಹಳದಿಯಾಗಿತ್ತು, ನಡುವೆ ಸೀಳಿತ್ತು. ಆಟಿಗೆ ಸಾಮಾನಿನ ಪ್ಲಾಸ್ಟಿಕ್ ಪೊಟ್ಟಣ ಹರಿಯುವುದಕ್ಕೆ ಅವರಿಗೆ ಬೇರೆ ಕತ್ತರಿ ಬೇಕಾಗುತ್ತಿರಲಿಲ್ಲ. ಒಳಗಿನ ಗೊಂಬೆಯನ್ನು ನಮ್ಮ ಅಂಗೈಯಲ್ಲಿಟ್ಟು, ಜೊತೆಗಿದ್ದ ಸಣ್ಣ ಕಾಗದವನ್ನು ತೊಡೆಯ ಮೇಲೆ ಹರವಿ, ಅದೇ ಉಗುರನ್ನು ಸಾಲಿನ ಕೆಳಗೆ ಬಲದಿಂದ ಎಡಕ್ಕೆ ಸರಿಸುತ್ತ ಓದಿ ಹೇಳುತ್ತಿದ್ದರು.

ಬೈಲಹೊಂಗಲದ ಬಜಾರದಲ್ಲಿ ಬಳೆ, ರಿಬ್ಬನ್ನು, ಆಟಿಗೆ ಸಾಮಾನು ಮಾರುತ್ತಿದ್ದ ಅವರನ್ನು ಊರಿನ ಹುಡುಗರೆಲ್ಲ ಚಾಚಾ ಎನ್ನುತ್ತಿದ್ದೆವು. ತೊಂಬತ್ತರ ದಶಕದ ಮೊದಲ ವರ್ಷಗಳು. ಮುಂಬೈ ಕಡೆಯಿಂದ ಅವರ ಅಂಗಡಿಗೆ ಒಂದು ಹೊಸ ತರಹದ ಗೊಂಬೆ ಬಂದಿತ್ತು. ಹೆಬ್ಬೆರಳಷ್ಟು ಎತ್ತರ, ಮೈ ಸಿಪಾಯಿಯದು, ಮುಖ ಪ್ರಾಣಿಯದು. ಒಟ್ಟು ಒಂಬತ್ತು. ಒಂದು ಪೊಟ್ಟಣದಲ್ಲಿ ಒಂದೇ ಇರುತ್ತಿತ್ತು, ಯಾವುದು ಬರುತ್ತದೆಂದು ಹೊರಗಿನಿಂದ ತಿಳಿಯುತ್ತಿರಲಿಲ್ಲ. ಕಾಗದ ಇಂಗ್ಲಿಷಿನಲ್ಲಿತ್ತು. ಚಾಚಾ ಓದಿದ್ದೇ ನಮಗೆ ವೇದ.

ಇವರೆಲ್ಲ ಒಂದು ಕೋಟೆಯ ಮಂದಿ ಎಂದು ಕಾಗದದಲ್ಲಿತ್ತಂತೆ. ಆ ಕೋಟೆ ಕಿತ್ತೂರಿನ ಕೋಟೆ ಬೀಳುವುದಕ್ಕೆ ಮುಂಚೆ ಇದ್ದ ಹಾಗೇ ಇತ್ತಂತೆ. ಗೂಬೆ ಮುಖದವನು ಹಗಲು ಮಲಗುವ ಲೆಕ್ಕಿಗ. ಆಮೆ ಮುಖದವನು ಬಾವಿಯ ಯಜಮಾನ. ಹುಂಜದವನಿಗೆ ತನ್ನ ದನಿಯೆಂದರೆ ತನಗೇ ಅಂಜಿಕೆ. ನಾವು ಅವರನ್ನು ‘ಕ್ವಾಟಿ ಮಂದಿ’ ಎನ್ನುತ್ತಿದ್ದೆವು. ನನ್ನ ಪಾಲಿಗೆ ಆನೆ ಮುಖದವನು ಬಂದ ದಿನ ನಮ್ಮ ಅಮ್ಮ, ಅಂದರೆ ಅಪ್ಪನ ತಾಯಿ, ಅವನನ್ನು ಕಸಿದುಕೊಂಡು ಕುಂಕುಮ ಹಚ್ಚಿ ದೇವರ ಜಗಲಿಯ ಮೇಲೆ ಕೂರಿಸಿಬಿಟ್ಟಳು. ಅವನು ಕೋಟೆಯ ಅಡುಗೆಯವನು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಅವನಿಗೆ ದಿನಾ ಒಂದು ಹೂ ಸಿಗುತ್ತಿತ್ತು.

ಅವ್ವ ರಿಬ್ಬನ್ನು ಕೊಳ್ಳಲು ಹೋದಾಗ ಚಾಚಾನಿಗೆ ಚುಚ್ಚುತ್ತಿದ್ದಳು, “ಹುಡುಗೂರ ತಲಿ ಕೆಡಿಸಿಟ್ಟೀರಿ ನೋಡ್ರಿ ಚಾಚಾ.”

“ನಾ ಎಲ್ಲಿ ಕೆಡಿಸೇನಿ ತಂಗೆವ್ವಾ, ಕಾಗದದಾಗ ಹಂಗ ಐತಿ” ಎಂದು ಅವರು ಆ ಉಗುರಿನಿಂದ ಗಡ್ಡ ಕೆರೆದುಕೊಳ್ಳುತ್ತಿದ್ದರು.

ನನಗೆ ಎಲ್ಲರಿಗಿಂತ ಪ್ರೀತಿ, ಎಲ್ಲರಿಗಿಂತ ಅಂಜಿಕೆ ಇದ್ದದ್ದು ನಾಯಿ ಮುಖದ ಕಾವಲುಗಾರನ ಬಗ್ಗೆ. ಅವನ ಕೈಯಲ್ಲಿ ಒಂದು ಕಂದೀಲು. ಕೋಟೆಯಿಂದ ಹೊರಗೆ ಹೋದವರು ಅವನ ದೀಪ ನೋಡಿಯೇ ತಿರುಗಿ ಬರಬೇಕು. ಅವನು ಬಾಗಿಲು ಬಿಟ್ಟರೆ ಹೊರಗಿನವರಿಗೆ ಮನೆ ಸಿಗುವುದಿಲ್ಲ. ಚಾಚಾ ಇದನ್ನು ಎಷ್ಟೋ ಹುಡುಗರಿಗೆ ಹೇಳಿರಬೇಕು. ಆದರೆ ನಮ್ಮಪ್ಪ ಲಾರಿ ಡ್ರೈವರ್. ಬೈಲಹೊಂಗಲದ ಮಾರ್ಕೆಟ್ಟಿನಿಂದ ಹತ್ತಿ ಮೂಟೆ ಹೇರಿಕೊಂಡು ಮಹಾರಾಷ್ಟ್ರದ ಇಚಲಕರಂಜಿಗೆ ಹೋಗುತ್ತಿದ್ದರು. ಅದನ್ನು ಕೇಳಿದ ದಿನದಿಂದ ನನ್ನ ಕಾವಲುಗಾರನನ್ನು ಪಡಸಾಲೆಯ ಕಿಟಕಿಯಲ್ಲಿ ಬೀದಿಗೆ ಮುಖ ಮಾಡಿ ನಿಲ್ಲಿಸಿದೆ. ಅಪ್ಪ ಬಂದಾಗೊಮ್ಮೆ ಅವನ ತಲೆ ಸವರುತ್ತಿದ್ದೆ.

ಆ ವರ್ಷದ ಆಷಾಢದಲ್ಲಿ ನಾನು ತಪ್ಪು ಮಾಡಿದೆ. ನಮ್ಮ ಕಡೆ ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಹುಡುಗರು ಮಣ್ಣಿನ ಗುಳ್ಳವ್ವನನ್ನು ಮಾಡಿ ಪೂಜಿಸಿ, ಕಡೆಗೆ ಹಳ್ಳಕ್ಕೆ ಒಯ್ದು ಬಿಡುತ್ತೇವೆ. ನನ್ನ ಗುಳ್ಳವ್ವ ಓಣಿಯಲ್ಲೇ ಚಂದ ಕಾಣಬೇಕೆಂದು ಅವಳಿಗೊಂದು ಮಣ್ಣಿನ ಮನೆ ಕಟ್ಟಿ, ಬಾಗಿಲಲ್ಲಿ ಕಾವಲುಗಾರನನ್ನು ಹಸಿ ಮಣ್ಣಿಗೆ ಊರಿದೆ. ಪೂಜೆ ಆಯಿತು. ಹಳ್ಳದ ದಂಡೆಯಲ್ಲಿ ಗುಳ್ಳವ್ವನಿದ್ದ ತಾಟು ನೀರಿಗೆ ಇಳಿಸುವಾಗಷ್ಟೇ ನೆನಪಾಗಿ ಅವನನ್ನು ಕೀಳಲು ಕೈ ಚಾಚಿದೆ. ನಮ್ಮ ಜೊತೆ ಬಂದಿದ್ದ ದೊಡ್ಡವ್ವ ನನ್ನ ಮುಂಗೈ ಹಿಡಿದಳು.

“ಪೂಜಿ ಆಗೇತಿ. ಗುಳ್ಳವ್ವನ ಜೋಡಿ ಹೊಂಟದ್ದು ತಿರುಗಿ ಮನಿಗಿ ತರಬಾರದು.”

ಮಣ್ಣು ಕರಗಿತು. ಕಾವಲುಗಾರ ಒಮ್ಮೆ ಮೇಲೆದ್ದು, ಮಗ್ಗುಲಾಗಿ, ಕೆಂಪು ನೀರಿನಲ್ಲಿ ಹೋದ. ಹಿಂತಿರುಗಿ ನೋಡಬಾರದೆಂದು ದೊಡ್ಡವ್ವ ನಮ್ಮನ್ನು ನಡೆಸಿಕೊಂಡು ಬಂದಳು.

ಅಂದು ಸಂಜೆ ಬರಬೇಕಾಗಿದ್ದ ಅಪ್ಪ ಬರಲಿಲ್ಲ. ಮರುದಿನವೂ ಬರಲಿಲ್ಲ. ಘಟ್ಟದ ಕಡೆ ಭಾರೀ ಮಳೆ ಎಂದು ಯಾರೋ ಅಂದರು. ಅವ್ವ ರೊಟ್ಟಿಯ ಬುಟ್ಟಿಯ ಮೇಲಿನ ಅರಿವೆಯನ್ನು ಮತ್ತೆ ಮತ್ತೆ ಸರಿಮಾಡುತ್ತಿದ್ದಳು. ಅಮ್ಮ ಜಗಲಿಯ ಮುಂದಿನಿಂದ ಏಳಲಿಲ್ಲ. ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ ಅವ್ವನಿಗೆ ನಾನೇ ಅಪ್ಪನ ದಾರಿ ಮುಚ್ಚಿದವಳೆಂದು ಗೊತ್ತಾಗುತ್ತಿತ್ತು.

ಶುಕ್ರವಾರ ಸಾಲಿಯಿಂದ ನೇರ ಅಂಗಡಿಗೆ ಹೋದೆ. ಚಾಚಾ ನಮಾಜಿಗೆ ಹೋಗಿದ್ದರು. ಅಂಗಡಿಯ ಮುಂದಿನ ಪಾವಟಿಗೆಯ ಮೇಲೆ ಕುಳಿತೆ. ಅವರು ಟೋಪಿ ಮಡಿಸುತ್ತ ಬಂದಾಗ ಎಲ್ಲವನ್ನೂ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ಅವರು ನಗಲಿಲ್ಲ.

“ಅಪ್ಪ ಬರೂದಿಲ್ಲಂತ ನಿನಗ ಯಾರ ಹೇಳಿದ್ರು ಬೇಟಿ?”

“ನೀವ ಹೇಳಿದ್ರಿ.”

ಅವರ ಮುಖದ ಬಣ್ಣ ಹೋದದ್ದನ್ನು ನಾನು ನೋಡಿದೆ. ಅಷ್ಟು ದೊಡ್ಡ ಮನುಷ್ಯ ಅಂಜಿದ್ದನ್ನು ಅದೇ ಮೊದಲು ಕಂಡದ್ದು. ತಗಡಿನ ಡಬ್ಬಿಯಿಂದ ಒಂದು ಕಾಗದ ತೆಗೆದರು. ಉಗುರು ಕಟ್ಟಕಡೆಯ ಸಾಲಿಗೆ ಇಳಿಯಿತು, ಬಲದಿಂದ ಎಡಕ್ಕೆ ಮೆಲ್ಲಗೆ ಸರಿಯಿತು.

“ಇಲ್ಲಿ ಸಣ್ಣ ಅಕ್ಷರದಾಗ ಐತಿ ನೋಡು, ನಾ ಓದೇ ಇದ್ದಿಲ್ಲ. ಕಾವಲುಗಾರ ನೀರಾಗ ಬಿದ್ರ ಅವನ ಕಂದೀಲ ಆರೂದಿಲ್ಲ. ಹೊರಗಿದ್ದವ್ರನ್ನ ಹುಡಿಕ್ಯಾಡಾಕ ತಾನ ಹೊಂಡತಾನ. ಹೊಂಟಾನ ಅಂವ.”

ಆಮೇಲೆ ಅಂಗಡಿಯ ಬಾಗಿಲು ಎಳೆದು, ನನ್ನನ್ನು ಮನೆಯತನಕ ಬಿಟ್ಟು, ಅಲ್ಲಿಂದ ಮಾರ್ಕೆಟ್ಟಿಗೆ ಹೋದರು. ಫೋನಿದ್ದ ದಲಾಲರ ಅಡತಿ ಅಂಗಡಿಗಳನ್ನು ಒಂದೊಂದಾಗಿ ಹತ್ತಿ ಇಳಿದು ವಿಚಾರಿಸಿದರಂತೆ. ಯಾರಿಗೂ ಸುದ್ದಿ ಇರಲಿಲ್ಲ.

ಶನಿವಾರ ಮಧ್ಯಾಹ್ನ ಅಪ್ಪ ಬೇರೆ ಯಾರದೋ ಲಾರಿಯಿಂದ ಇಳಿದರು. ಅವರ ಗಾಡಿ ಮಳೆಗೆ ಜಾರಿ ತಗ್ಗಿಗೆ ಉರುಳಿತ್ತು. ಎಡಗೈಗೆ ದಪ್ಪ ಪಟ್ಟಿ, ಎರಡು ಬೆರಳು ಹೋಗಿದ್ದವು. ಅಮ್ಮ ಎರಡೂ ಕೈಗಳ ಉಳಿದ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದಳು. ಎಂಟು. ಎಂಟನ್ನು ಉಳಿಸಿಕೊಟ್ಟ ದೇವರಿಗೆ ನಾನು ಈಗಲೂ ಮುಂಜಾನೆ ದೀಪ ಹಚ್ಚುವಾಗ ಕೈ ಮುಗಿಯುತ್ತೇನೆ. ಚಾಚಾ ನೋಡಲು ಬಂದರು, ಬಾಗಿಲಲ್ಲೇ ನಿಂತು ಅಪ್ಪನನ್ನು ಬಹಳ ಹೊತ್ತು ನೋಡಿದರು, ಚಹಾ ಕುಡಿಯದೆ ಹೋದರು.

ಅಂದಿನಿಂದ ಅವರು ಯಾವ ಹುಡುಗರಿಗೂ ಅಂಜಿಸುವ ಮಾತನ್ನು ಓದಿ ಹೇಳಲಿಲ್ಲ. ಹುಂಜ ಕೂಡ ಧೈರ್ಯವಂತನಾದ.

ಚಾಚಾನ ಉಗುರು ನೋಡಿ ನೋಡಿ ನಾನು ಇಂಗ್ಲಿಷ್ ಎಂದರೆ ಉಲ್ಟಾ ಓದುವ ಭಾಷೆ ಅಂದುಕೊಂಡಿದ್ದೆ. ಐದನೆಯ ಇಯತ್ತೆಯಲ್ಲಿ ಗುರುಗಳು ಮೊದಲ ಸಾಲು ಬರೆಸಿದಾಗ ಅದು ನಮ್ಮ ಕನ್ನಡದ ಹಾಗೆ ಎಡದಿಂದಲೇ ಹೊರಟಿತು. ಚಾಚಾ ಚಿಕ್ಕಂದಿನಲ್ಲಿ ಮದರಸಾದಲ್ಲಿ ಕಲಿತ, ಬಲದಿಂದ ಓದುವ ಉರ್ದುವಿನ ನಾಲ್ಕಕ್ಷರ ಬಿಟ್ಟರೆ ಬೇರೆ ಓದು ಬಲ್ಲವರಲ್ಲ ಎಂದು ಆಗ ತಿಳಿಯಿತು. ತಿಳಿದ ಮೇಲೆ ನನಗೆ ಸಿಟ್ಟು ಬರಲಿಲ್ಲ, ಮತ್ತೆ ಅಂಜಿಕೆ ಬಂತು. ಕಾಗದದಲ್ಲಿ ಇಲ್ಲದ ಮಾತನ್ನು ಹೇಳಿ ಆ ಶುಕ್ರವಾರ ರಾತ್ರಿ ಅವರು ಒಬ್ಬರೇ ಹೇಗೆ ಕುಳಿತಿದ್ದರೋ ಎಂದು. ಯಾರಿಗೂ ಹೇಳಲಿಲ್ಲ.

ಸವದತ್ತಿಗೆ ಲಗ್ನವಾಗಿ ಬರುವಾಗ ಒಂಬತ್ತರಲ್ಲಿ ನನ್ನ ಬಳಿ ಉಳಿದಿದ್ದ ಎಂಟು ಜನರನ್ನು ಸೀರೆಯ ಟ್ರಂಕಿನಲ್ಲಿ ತಂದೆ. ಅತ್ತೆಯವರು ಮೊದಲು ನಕ್ಕರು, ಆಮೇಲೆ ಆನೆ ಮುಖದವನನ್ನು ಕಂಡು ಕೈ ಮುಗಿದರು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಒಂದು ಪಂಚಮಿಗೆ ತವರಿಗೆ ಹೋದಾಗ, ಚಾಚಾನನ್ನು ಮರುದಿನ ಎದೆಯ ಆಪರೇಷನ್ನಿಗೆ ಬೆಳಗಾವಿಗೆ ಒಯ್ಯುತ್ತಾರೆಂದು ಅವ್ವ ಹೇಳಿದಳು. ಶೇಂಗಾ ಉಂಡಿ ಕಟ್ಟಿಕೊಂಡು ಹೋದೆ. ಅವರು ಅಂಗಡಿಯಲ್ಲೇ ಕುಳಿತಿದ್ದರು. ಮೈ ಅರ್ಧ ಆಗಿತ್ತು, ಉಗುರು ಮಾತ್ರ ಹಾಗೇ ಇತ್ತು. ತಮ್ಮ ಮಕ್ಕಳ ಮುಂದೆ ಆಡದ ಮಾತನ್ನು ನನ್ನ ಮುಂದೆ ಆಡಿದರು.

“ನನಗ ಹೆದರಿಕಿ ಆಗೇತಿ ಬೇಟಿ.”

ಉಂಡಿಯ ಗಂಟು ಬಿಚ್ಚಿ ಅವರ ಮುಂದಿಟ್ಟೆ. ಅವರು ಡಬ್ಬಿ ಎಳೆದು, ಮಡಿಕೆಯಲ್ಲಿ ಹರಿದ ಆ ಕಾಗದವನ್ನು ನನ್ನ ಕೈಗಿಟ್ಟರು.

“ನನಗ ಇದು ಓದಾಕ ಬರೂದಿಲ್ಲ. ನಿನಗ ಗೊತ್ತಿತ್ತಲಾ?”

“ಗೊತ್ತಿತ್ರಿ ಚಾಚಾ.”

“ನೀ ಕಲತಾಕಿ. ಏನ ಬರದೈತಿ, ಓದು.”

ಬರೆದದ್ದು ನಾಲ್ಕೇ ಮಾತು. ಸಣ್ಣ ಮಕ್ಕಳ ಬಾಯಿಗೆ ಕೊಡಬೇಡಿ, ಗಂಟಲಿಗೆ ಸಿಕ್ಕೀತು. ಬೆಂಕಿಯಿಂದ ದೂರ ಇಡಿ. ಅದರಲ್ಲಿ ಕೋಟೆ ಇಲ್ಲ, ಕಾವಲುಗಾರ ಇಲ್ಲ. ತಿರುಗಿ ಬರುತ್ತೀರಿ ಎಂದು ಓದಬಹುದಿತ್ತು, ಆದರೆ ದೇವರ ಕೈಯಲ್ಲಿದ್ದದ್ದನ್ನು ನಾನು ಹೇಗೆ ಹೇಳಲಿ? ಕಾಗದವನ್ನು ತೊಡೆಯ ಮೇಲೆ ಹರವಿದೆ. ಹೆಬ್ಬೆರಳನ್ನು ಕಡೆಯ ಸಾಲಿನ ಬಲತುದಿಗೆ ಇಟ್ಟೆ, ಎಡಕ್ಕೆ ಸರಿಸಿದೆ.

“ಕಾವಲುಗಾರ ಹೊರಗ ಹೊಂಟವರನ್ನ ಒಬ್ಬಂಟಿ ಬಿಡೂದಿಲ್ಲ. ಕಂದೀಲ ಹಿಡಕೊಂಡು ಮುಂದಮುಂದ ನಡೀತಾನ. ದಾರಿ ಎತ್ತ ಹ್ವಾದ್ರೂ.”

ಅವರು ನನ್ನ ಮುಖ ನೋಡುತ್ತಿರಲಿಲ್ಲ, ಬೆರಳು ನೋಡುತ್ತಿದ್ದರು. ಅದು ಎಡತುದಿ ಮುಟ್ಟಿದ ಮೇಲೆ ಉಸಿರು ಬಿಟ್ಟರು. “ಹೌದು, ಹಂಗ ಐತಿ” ಎಂದು ಒಂದು ಉಂಡಿ ಮುರಿದು ಬಾಯಿಗೆ ಹಾಕಿಕೊಂಡರು.

ಬೆಳಗಾವಿಯಿಂದ ಅವರು ತಿರುಗಿ ಬರಲಿಲ್ಲ. ಸುದ್ದಿ ಮುಟ್ಟುವ ಹೊತ್ತಿಗೆ ನಾನು ಸವದತ್ತಿಯಲ್ಲಿದ್ದೆ, ಒಲೆಯ ಮೇಲೆ ಅನ್ನಕ್ಕೆ ಎಸರು ಇಟ್ಟಿದ್ದೆ.

ಎಂಟು ಜನ ಈಗ ನನ್ನ ಅಡುಗೆಮನೆಯ ಕಿಟಕಿಯಲ್ಲಿದ್ದಾರೆ. ಒಂಬತ್ತನೆಯವನ ಜಾಗ ಖಾಲಿ ಬಿಟ್ಟಿದ್ದೇನೆ. ಮಗಳ ಬಸ್ಸು ತಡವಾದ ದಿನ ಆ ಕಿಟಕಿಯ ಮುಂದೆ ನಿಲ್ಲುತ್ತೇನೆ. ಆಗ ಎಲ್ಲವ್ವನ ಹೆಸರು ಹಿಡಿಯುತ್ತೇನೆ. ಹೆಬ್ಬೆರಳು ಮಾತ್ರ ಕಿಟಕಿಯ ಕಟ್ಟೆಯ ಮೇಲೆ ತಾನಾಗಿಯೇ ಬಲದಿಂದ ಎಡಕ್ಕೆ ಸರಿಯುತ್ತಿರುತ್ತದೆ, ಅವಳು ಬೀದಿಯ ತಿರುವಿನಲ್ಲಿ ಕಾಣುವತನಕ.