ಲೋರ್ನಾಳ ಆರನೇ ಸರದಿ

ಶಾಲೆಯ ಬಸ್ಸು ಓಡಿಸುವ ಲೋರ್ನಾ, ವಿಸ್ಕಾನ್ಸಿನ್‌ನ ತನ್ನೂರಿನ ಗೆಳೆಯರ ಫ್ಯಾಂಟಸಿ ಫುಟ್‌ಬಾಲ್ ಲೀಗಿನಲ್ಲಿ ಮೂರು ವರ್ಷದಿಂದ ಕಡೆಯವಳು. ಅಲ್ಲಿ ಒಮ್ಮೆ ಆರಿಸಿಕೊಂಡ ಆಟಗಾರ ಆಟ ಬಿಡುವವರೆಗೂ ನಮ್ಮವನೇ. ಅವನು ನಿಜವಾದ ಪಂದ್ಯದಲ್ಲಿ ಆಡಿದಷ್ಟು ಅಂಕ ನಮಗೆ. ಕಡೆಯಾದವರು ಮರುವರ್ಷ ಹೊಸ ಹುಡುಗರನ್ನು ಆರಿಸುವ ದಿನ ಎಲ್ಲರಿಗೂ ಸಾಸೇಜ್ ಸುಡಬೇಕು. ಬದಲಿಗೆ ಮೊದಲ ಸರದಿ ಅವರದು. ಆ ಸರದಿಯನ್ನೂ ಲೋರ್ನಾ ನೆಚ್ಚಿನ ತಂಡದ ಮುದಿ ಆಟಗಾರನೊಬ್ಬನನ್ನು ಪಡೆಯುವ ಆಸೆಗೆ ಇನ್ನೊಬ್ಬರಿಗೆ ಬಿಟ್ಟುಕೊಟ್ಟು ಆರನೆಯದಕ್ಕೆ ಇಳಿದಿದ್ದಳು.

ಐದು ಹೆಸರು ಹೋದವು. ಉಳಿದವರಲ್ಲಿ ಗಟ್ಟಿಗನೆಂದರೆ ಟೆಕ್ಸಸ್‌ನ ಹುಡುಗ. ಇನ್ನೊಬ್ಬ ಕೋಲ್ಟನ್, ಚಿಕ್ಕಂದಿನಲ್ಲಿ ಅವಳದೇ ಬಸ್ಸು ಹತ್ತುತ್ತಿದ್ದವನು.

“ಊರ ಹುಡುಗನ್ನೇ ತಗೊಳ್ಳಿ ಅತ್ತಿಗೆ. ನಿಮ್ಮ ಕೈ ಸಾಸೇಜ್ ನಮಗೆ ರೂಢಿಯಾಗ್ಬಿಟ್ಟಿದೆ,” ಎಂದ ಏಳನೇ ಸರದಿಯ ಮೈದುನ ಡ್ವೇನ್.

ಲೋರ್ನಾ ಒಲೆಯ ಹೊಗೆಯನ್ನೊಮ್ಮೆ ನೋಡಿದಳು. ಮನಸ್ಸು ಒಪ್ಪದಿದ್ದರೂ ಟೆಕ್ಸಸ್‌ನವನ ಹೆಸರು ಹೇಳಿದಳು.

ಡ್ವೇನ್ ತಡಮಾಡಲಿಲ್ಲ. “ಕೋಲ್ಟನ್.”

“ಅಯ್ಯೋ ಮಂಕೇ, ಅವನನ್ನ ಈ ವರ್ಷ ಮೈದಾನಕ್ಕೆ ಇಳಿಸೋದೇ ಅನುಮಾನ ಕಣೋ!”

“ಗೊತ್ತು ಅತ್ತಿಗೆ. ಆದ್ರೂ ನಮ್ಮ ಹುಡುಗ ಅಲ್ವಾ?”

ಲೋರ್ನಾ ಸಾಸೇಜ್ ತಿರುವುತ್ತಿದ್ದ ಇಕ್ಕಳವನ್ನು ಅವನ ಕೈಗಿತ್ತಳು. “ಹಿಡಿ. ಈಗಿಂದ್ಲೇ ಕಲ್ತ್ಕೋ.”