ಚಿತ್ತವಾಡ್ಗಿಯ ಗಾಣದ ಮನೆ

ಸಂಡೂರಿನಿಂದ ಹೊಸಪೇಟೆಗೆ ಹದಿನೆಂಟು ಮೈಲಿ. ಮದರಾಸು ಬೊಂಬಾಯಿ ಕಂಡವರ ಮುಂದೆ ಹೊಸಪೇಟೆಯನ್ನು ದೊಡ್ಡ ಪಟ್ಟಣ ಎಂದರೆ ನಕ್ಕಾರು. ನಗಲಿ. ನಾಲ್ಕೂ ಕಡೆ ಗುಡ್ಡ ಇರುವ ಸಂಡೂರಿಗೆ ಮದುವೆಯಾಗಿ ಬಂದವಳು ನಾನು. ಎಣ್ಣೆಗಾಣದ ಎತ್ತಿನ ಹಾಗೆ ಅಲ್ಲೇ ಸುತ್ತುತ್ತಿದ್ದವಳಿಗೆ ರೈಲು, ಪೇಟೆ, ಕಾಲುವೆ ಎಲ್ಲ ಇರುವ ಊರು ಮಹಾನಗರವೇ ಸರಿ.

ಹೊರಟದ್ದು ಮೋಜಿಗಲ್ಲ. ನಮ್ಮ ಒಬ್ಬಳೇ ಮಗಳು ಗೌರಿಗೆ ಹೊಸಪೇಟೆಯ ಚಿತ್ತವಾಡ್ಗಿಯಿಂದ ಸಂಬಂಧ ಬಂದಿತ್ತು. ಅವರೂ ನಮ್ಮ ಹಾಗೆ ಎಣ್ಣೆಗಾಣದವರು. ಮನೆ ನೋಡಲು ಯಜಮಾನರು ಹೋಗಬೇಕಾಗಿತ್ತು. ಅವರು ಚಳಿಜ್ವರ ಬಂದು ಎರಡು ಕಂಬಳಿ ಹೊದ್ದು ಮಲಗಿದ್ದರು. "ನೀನ ಹೋಗಿ ನೋಡಿ ಬಾ. ನೀ ಒಪ್ಪಿದರ ನಾ ಒಪ್ಪಿದಂಗ," ಎಂದರು. ನನಗೆ ಬೇಕಾಗಿದ್ದೂ ಅದೇ. ಗಂಡಸರು ಹೋದರೆ ಹೊಲ ನೋಡುತ್ತಾರೆ, ಎತ್ತು ನೋಡುತ್ತಾರೆ, ಒಲೆಯ ಕಡೆ ಕಣ್ಣೆತ್ತಿ ನೋಡುವುದಿಲ್ಲ. ಆದರೆ ಮನಸ್ಸಿನಲ್ಲಿ ಒಂದು ಮುಳ್ಳು ಆಡುತ್ತಿತ್ತು. ಅಷ್ಟು ದೊಡ್ಡ ಊರಿನಲ್ಲಿ ನಮ್ಮವರದೆಂಬ ಮನೆ ಒಂದೂ ಇಲ್ಲ. ಹುಡುಗಿಗೆ ಏನಾದರೂ ಕಷ್ಟ ಬಂದರೆ ಯಾರ ಬಾಗಿಲು ತಟ್ಟಬೇಕು? ಈ ಗುಡ್ಡ ದಾಟಿ ಸುದ್ದಿ ನನಗೆ ಮುಟ್ಟುವುದು ಯಾವಾಗ?

ಯುದ್ಧದ ದೆಸೆಯಿಂದ ಪೆಟ್ರೋಲಿಗೆ ಬರ. ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದ್ದರು. ಚಾರ್ಜು ಆರು ಆಣೆ, ಹೊಗೆ ಪುಕ್ಕಟೆ. ಘಾಟಿಯ ಏರು ಬಂದಾಗಲೆಲ್ಲ ಡ್ರೈವರು, "ಇಳೀರಿ, ಇಳೀರಿ, ಜಲ್ದಿ ಇಳೀರಿ," ಎನ್ನುವನು. ಎಲ್ಲರೂ ಇಳಿದು ಬಸ್ಸಿನ ಹಿಂದೆ ನಡೆಯುವೆವು. ಮ್ಯಾಂಗನೀಸ್ ಕಲ್ಲು ಹೇರಿದ ಗಾಡಿಗಳು ಸಾಲಾಗಿ ಹೋಗುತ್ತಿದ್ದವು. ಅವುಗಳ ಧೂಳು, ಇದ್ದಿಲಿನ ಮಸಿ ಎರಡೂ ಸೇರಿ, ಹೊಸಪೇಟೆಯಲ್ಲಿ ಇಳಿದಾಗ ನನ್ನ ಬಿಳಿ ಕುಪ್ಪಸದ ಬಣ್ಣ ನನಗೇ ಗುರುತು ಸಿಗಲಿಲ್ಲ. ಬೀಗರಾಗುವವರ ಮನೆಗೆ ಈ ವೇಷದಲ್ಲಿ ಹೋಗಬೇಕಲ್ಲ ಎಂದು ಡ್ರೈವರನ್ನು ಮನಸ್ಸಿನಲ್ಲೇ ಚೆನ್ನಾಗಿ ಬೈದೆ.

ಬೀಗರಾಗುವ ಗಂಡಸರ ಹೆಸರನ್ನು ಹೆಂಗಸರು ಬಾಯಿಬಿಟ್ಟು ಹೇಳುವುದು ನಮ್ಮಲ್ಲಿ ಚೆಂದವಲ್ಲ. ಅದಕ್ಕೆ ಚಿತ್ತವಾಡ್ಗಿಯ ಅಂಗಡಿಯೊಂದರ ಮುಂದೆ ನಿಂತು, "ಗಾಣದವರ ಮನಿ ಯಾವುದ್ರಿ?" ಎಂದಷ್ಟೇ ಕೇಳಿದೆ. ಅಂಗಡಿಯಾತ ತಲೆ ಎತ್ತದೆ, "ಹಿಂಗ ಕಾಲುವಿ ದಂಡಿಗುಂಟ ಹೋಗ್ರಿ. ಹೊಗಿ ಕಾಣಸ್ತೈತಿ," ಎಂದ.

ಹೋದೆ. ದೊಡ್ಡ ಅಂಗಳದಲ್ಲಿ ಎತ್ತುಗಳು ಕಬ್ಬಿಣದ ಗಾಣ ಸುತ್ತುತ್ತಿದ್ದವು. ಕಬ್ಬಿನ ರಾಶಿ ಬಿದ್ದಿತ್ತು. ಅಗಲವಾದ ಕೊಪ್ಪರಿಗೆಯಲ್ಲಿ ಬೆಲ್ಲ ಕುದಿಯುತ್ತಿತ್ತು. ಎಣ್ಣೆಗಾಣ ಹಿತ್ತಲಲ್ಲಿ ಇರಬೇಕು, ಇದು ಅವರ ಇನ್ನೊಂದು ಉದ್ಯೋಗ, ಅನುಕೂಲಸ್ಥರೇ ಎಂದುಕೊಂಡೆ. ನನ್ನ ವಯಸ್ಸಿನ ಹೆಂಗಸೊಬ್ಬಳು ಕೈ ಒರೆಸಿಕೊಳ್ಳುತ್ತ ಎದುರಿಗೆ ಬಂದಳು.

"ಬರ್ರಿ ಅಕ್ಕಾರ, ಬರ್ರಿ. ಕುಂದ್ರಿ. ಭಾಳ ದಣದೀರಿ," ಎಂದು ಕಾಲಿಗೆ ನೀರು ಕೊಟ್ಟಳು. ಇವಳೇ ನೀಲಮ್ಮ, ಆ ಮನೆಯ ಯಜಮಾನಿ. ಯಾರು, ಎಲ್ಲಿಂದ ಎಂದು ಕೇಳಲಿಲ್ಲ. ನಾನು ಬರುವುದು ಗೊತ್ತೇ ಇದೆಯಲ್ಲ, ಏಕೆ ಕೇಳುತ್ತಾಳೆ ಎಂದು ನಾನೂ ಹೇಳಲಿಲ್ಲ.

ಕೂತ ಕೂಡಲೇ ಒಂದು ದೊಡ್ಡ ಲೋಟ ಕಬ್ಬಿನ ಹಾಲು ತಂದಿಟ್ಟಳು. ನನಗೆ ಧರ್ಮಸಂಕಟ. ಸಂಬಂಧ ಒಪ್ಪಿಗೆಯಾಗುವವರೆಗೆ ಗಂಡಿನ ಮನೆಯಲ್ಲಿ ಸಿಹಿ ಮುಟ್ಟುವಂತಿಲ್ಲ. ಮುಟ್ಟಿದರೆ ಮಾತು ಕೊಟ್ಟ ಹಾಗೆ. "ಬ್ಯಾಡ್ರಿ," ಎಂದೆ. ಬಿಸಿ ಬೆಲ್ಲ ತಂದಳು. "ಬ್ಯಾಡ್ರಿ." ರೊಟ್ಟಿಯ ಮೇಲೆ ಜೋನಿಬೆಲ್ಲ ಸುರಿದು ತಂದಳು. "ಖಾರ ಏನಾರ ಐತೇನ್ರಿ?" ಎಂದೆ. ನೀಲಮ್ಮನ ಮುಖ ಸಣ್ಣದಾಯಿತು. "ನಮ್ಮ ಬೆಲ್ಲದಾಗ ಏನ್ ಐಬು ಕಂಡ್ರಿ ಅಕ್ಕಾರ?" ಎಂದಳು. ಆದರೂ ಒಳಗೆ ಹೋಗಿ ಬೆಳ್ಳುಳ್ಳಿ ಚಟ್ನಿ ತಂದು ಬಡಿಸಿದಳು.

ನಾನು ಬಂದ ಕೆಲಸ ಮರೆಯಲಿಲ್ಲ. ಒಲೆ ನೋಡಿದೆ, ಸ್ವಚ್ಛವಾಗಿತ್ತು. ನೀರಿನ ಕೊಡಗಳನ್ನು ನೋಡಿದೆ. ಆಳುಗಳಿಗೂ ಮನೆಯವರಿಗೂ ಒಂದೇ ಪಾತ್ರೆಯಿಂದ ಸಾರು ಬಡಿಸುವುದನ್ನು ನೋಡಿದೆ. ಅಷ್ಟರಲ್ಲಿ ಕೊಪ್ಪರಿಗೆಯ ಹತ್ತಿರದಿಂದ ಎತ್ತರದ ಹುಡುಗನೊಬ್ಬ ಬಂದು, "ಅತ್ತಿ, ನಮ್ಮ ಗಾಣದ ಹಾಲು ಕುಡೀಲಿಲ್ಲಂದ್ರ ನಮ್ಮವ್ವ ರಾತ್ರಿ ಉಣ್ಣಂಗಿಲ್ಲ," ಎಂದು ನಕ್ಕ. ನೀಲಮ್ಮನ ಮಗ. ಅವನ ನಗುವಿಗೆ ನನ್ನ ಎದೆಯ ಭಾರ ಅರ್ಧ ಇಳಿಯಿತು. ನನ್ನ ಗೌರಿ ಈ ಅಂಗಳದಲ್ಲಿ ಸುಖವಾಗಿರುತ್ತಾಳೆ ಎನಿಸಿತು. ಲೋಟ ಎತ್ತಿ ಗಟಗಟ ಕುಡಿದೆ.

ಸೆರಗಿನಿಂದ ಬಾಯಿ ಒರೆಸಿಕೊಂಡು, "ಬಾಯಿ ಸಿಹಿ ಆತ್ರಿ. ನಮ್ಮ ಕಡಿಂದ ಒಪ್ಪಿಗಿ," ಎಂದೆ.

"ಯಾತಕ್ಕ ಒಪ್ಪಿಗಿ?" ಎಂದಳು ನೀಲಮ್ಮ.

"ಹುಡುಗ ಮನಸಿಗೆ ಬಂದ್ರಿ. ನಮ್ಮ ಗೌರೀನ ಕೊಡ್ತೀವಿ."

"ಯಾರಿಗೆ?"

"ನಿಮ್ಮ ಮಗಗ!"

"ಯವ್ವಾ! ಅವನ ಹೆಂಡ್ತಿ ಹೆರಿಗಿಗಂತ ಕಂಪ್ಲಿಗೆ ತವರಿಗೆ ಹೋಗ್ಯಾಳ್ರಿ!"

ನಾನು ಎದ್ದು ನಿಂತೆ. ಮೈಯೆಲ್ಲ ಉರಿಯಿತು. "ಮದಿವಿ ಆದ ಗಂಡಿಗೆ ಹೆಣ್ಣು ಕೇಳಾಕ ನಾಚಿಕಿ ಆಗಲಿಲ್ಲೇನ್ರಿ?"

"ನಾವೆಲ್ಲಿ ಕೇಳೀವ್ರಿ? ನೀವು ಯಾರಂತನ ನಮಗ ಗೊತ್ತಿಲ್ಲ!"

"ಗೊತ್ತಿಲ್ಲಂದ್ರ ಮತ್ತ ಮೊದಲ ಕೇಳಬೇಕಿತ್ತು!"

"ಗಾಣಕ್ಕ ಬಂದೋರನ್ನ ಯಾರು ನೀವಂತ ಕೇಳ್ತಾರೇನ್ರಿ ಅಕ್ಕಾರ? ಕುಡಿಯಾಕ ಕೊಡ್ತಾರ, ಅಷ್ಟ."

ಆಗ ತಿಳಿಯಿತು. ಸಂಡೂರಿನಲ್ಲಿ ಕಬ್ಬಿಲ್ಲ, ನಮಗೆ ಗಾಣ ಎಂದರೆ ಎಣ್ಣೆಯದು. ಹೊಸಪೇಟೆ ಕಾಲುವೆಯ ಊರು. ಅವರಿಗೆ ಗಾಣ ಎಂದರೆ ಕಬ್ಬಿನದು. ನಾನು ಹೋಗಬೇಕಾದ ಮನೆ ಓಣಿಯ ಆ ತುದಿಯಲ್ಲಿತ್ತು. ನೀಲಮ್ಮ ಮೊದಲು ಬಾಯಿಗೆ ಸೆರಗು ಅಡ್ಡ ಹಿಡಿದಳು, ಆಮೇಲೆ ಅದನ್ನೂ ಬಿಟ್ಟು ಗೋಡೆಗೆ ಒರಗಿ ನಕ್ಕಳು. ಮಗ ಕೊಪ್ಪರಿಗೆಯ ಹಿಂದೆ ಅಡಗಿಕೊಂಡ. ನನಗೆ ಅಳಬೇಕೋ ನಗಬೇಕೋ ತಿಳಿಯದೆ, ಕಡೆಗೆ ನಕ್ಕೆ. ಮದುವೆಯಾದ ಮೇಲೆ ಹೊಟ್ಟೆ ಹಿಡಿದುಕೊಂಡು ಹಾಗೆ ನಕ್ಕದ್ದು ನೆನಪಿಲ್ಲ.

ನಮ್ಮ ಕಾಗದ ಮುಟ್ಟುವ ಮೊದಲೇ ಎಣ್ಣೆಗಾಣದವರು ನೆಂಟರ ಮದುವೆಗೆ ಹೋಗಿದ್ದರು. ಮನೆಗೆ ಬೀಗ ಹಾಕಿತ್ತು. ನಾಡಿದ್ದು ಬರುತ್ತಾರೆ ಎಂದು ಪಕ್ಕದವರು ಹೇಳಿದರು. ಊರಿಗೆ ಹಿಂತಿರುಗುತ್ತೇನೆ ಎಂದರೆ ನೀಲಮ್ಮ ನನ್ನ ಗಂಟನ್ನು ಒಯ್ದು ಜಂತಿಯ ಗೂಟಕ್ಕೆ ಹಾಕಿಬಿಟ್ಟಳು. "ಹುಡುಗನ್ನ ಕೊಡಾಕ ಬರಂಗಿಲ್ಲ. ಎರಡು ದಿನದ ಊಟಾನಾರ ಕೊಡ್ತೀನಿ," ಎಂದಳು.

ಮರುದಿನ ಪೇಟೆ ತೋರಿಸಿದಳು. ಹೋಟೆಲಿನ ಒಳಗೆ ಹೆಂಗಸರು ಹೋಗುವಂತಿಲ್ಲ. ಅದಕ್ಕೆ ಅವಳದೇ ಉಪಾಯವಿತ್ತು: ಗುರುತಿನ ಬಳೆಗಾರನ ಅಂಗಡಿಯ ಹಿಂದಿನ ಕೋಣೆಗೆ ಮಂಡಕ್ಕಿ ಒಗ್ಗರಣೆ, ಬಿಸಿ ಮೆಣಸಿನಕಾಯಿ ಬಜಿ ತರಿಸಿದಳು. ಖಾರಕ್ಕೆ ಕಣ್ಣಲ್ಲಿ ನೀರು ಸುರಿಸುತ್ತ ತಿಂದೆವು. "ಈಗ ಖಾರ ಸಾಕೇನ್ರಿ ಸಂಡೂರಕ್ಕ?" ಎಂದು ಕೆಣಕಿದಳು. ಆಮೇಲೆ ರೈಲು ಸ್ಟೇಷನ್. ವಾರಕ್ಕೊಮ್ಮೆ ಅಲ್ಲಿ ಹೋಗಿ ಬೆಂಚಿನ ಮೇಲೆ ಕೂರುವುದು ಅವಳ ಅಭ್ಯಾಸವಂತೆ. ಯಾರನ್ನೂ ಕಳಿಸುವುದಕ್ಕಲ್ಲ, ಕರೆತರುವುದಕ್ಕೂ ಅಲ್ಲ. ಗುಂತಕಲ್ಲಿನ ಕಡೆಯ ಗಾಡಿ ಬಂತು, ನಿಂತಿತು, ಹೋಯಿತು. ಕಿಟಕಿಯಲ್ಲಿ ಕಂಡ ಒಂದು ಕೂಸಿಗೆ ನೀಲಮ್ಮ ಕೈ ಬೀಸಿದಳು, ಅದೂ ಬೀಸಿತು. "ಆತು, ನಡೀರಿ," ಎಂದಳು. ಅಷ್ಟರಲ್ಲೇ ಅವಳಿಗೆ ತೃಪ್ತಿ. ನನಗೂ ಏನೋ ಹಬ್ಬ ಮಾಡಿದಂತೆ ಆಯಿತು.

ಮಾರನೆಯ ದಿನ ಬೆಲ್ಲದ ಗಾಡಿ ಹಂಪಿಯ ಕಡೆ ಹೊರಟಿತ್ತು, ನಾವೂ ಹತ್ತಿದೆವು. ವಿರೂಪಾಕ್ಷನಿಗೆ ಕಾಯಿ ಒಡೆಸಿ, ಬಂಡೆಯ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಕಣ್ಣು ಹಾಯುವಷ್ಟು ದೂರ ಕಲ್ಲಿನ ಕಂಬಗಳು ನಿಂತಿದ್ದವು. "ಇಷ್ಟು ದೊಡ್ಡ ಊರಾಗ ಆಗಿನ ಹೆಣ್ಮಕ್ಕಳು ಯಾರ ಮನಿಗೆ ಹೋಗಿ ಕುಂದ್ರತಿದ್ರೋ ಏನೋ," ಎಂದೆ. ನೀಲಮ್ಮ ನನ್ನ ಮುಖವನ್ನೇ ನೋಡಿ, "ಗೌರೀದ ಚಿಂತಿ ಮಾಡಾಕ ಹತ್ತೀರಿ," ಎಂದಳು. ಹೌದು ಎಂದೆ. ಮನಸ್ಸಿನಲ್ಲಿದ್ದುದನ್ನೆಲ್ಲ ಹೇಳಿಕೊಂಡೆ. ಅವಳು ರೊಟ್ಟಿ ಮುರಿದು ಕೊಡುತ್ತ ಕೇಳಿಸಿಕೊಂಡಳು.

ಅದರ ಮರುದಿನ ಬೆಳಿಗ್ಗೆ ಎಣ್ಣೆಗಾಣದ ಮನೆಗೆ ಹೋದೆ. ನೀಲಮ್ಮ ಬರಲಿಲ್ಲ. "ನಾ ಬಂದ್ರ ನಿಮ್ಮ ಕಣ್ಣಿಗೆ ನನ್ನ ಮಾತು ಅಡ್ಡ ಬರತೈತಿ," ಎಂದಳು. ಅಲ್ಲಿ ತಪ್ಪು ಹಿಡಿಯುವಂಥದ್ದು ಏನೂ ಇರಲಿಲ್ಲ. ಒಲೆ ಸ್ವಚ್ಛ, ಎತ್ತಿನ ಮೈ ತುಂಬಿತ್ತು. ಹುಡುಗ ಕೇಳಿದ್ದಕ್ಕೆ ನೆಲ ನೋಡಿ ಉತ್ತರ ಕೊಟ್ಟ. ಅವನ ತಾಯಿಯದು ಮಾತು ಕಡಿಮೆ. ಒಳ್ಳೆಯವಳೋ, ಬಿರುಸಿನವಳೋ ಒಂದು ಹೊತ್ತಿನಲ್ಲಿ ಹೇಗೆ ಹೇಳುವುದು? ಉಂಡೆ ತಂದು ಮುಂದಿಟ್ಟರು. ನಾನು ಮುಟ್ಟಲಿಲ್ಲ. "ಊರಿಗೆ ಹೋಗಿ ಹೇಳಿ ಕಳಸ್ತೀವ್ರಿ," ಎಂದು ಎದ್ದು ಬಂದೆ. ಬೇಡ ಎನ್ನಲು ಕಾರಣವಿಲ್ಲ, ಹೂಂ ಎನ್ನಲು ಧೈರ್ಯವಿಲ್ಲ.

ಬಸ್ಸಿಗೆ ಹೊರಡಲು ಗಂಟು ಎತ್ತಿಕೊಂಡಾಗ ನೀಲಮ್ಮ, "ನಿಂದ್ರಿ," ಎಂದು ಮಣೆ ಹಾಕಿ ಕೂರಿಸಿದಳು. ಅರಿಸಿನ ಕುಂಕುಮ ಹಚ್ಚಿ ನನ್ನ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಬೆಲ್ಲ ಹಾಕಿ ಉಡಿ ತುಂಬಿದಳು. ಮದುವೆಯಾದ ಹೆಣ್ಣುಮಗಳನ್ನು ತವರಿನಿಂದ ಕಳಿಸುವಾಗ ಮಾಡುವ ಶಾಸ್ತ್ರ ಅದು. ನನ್ನ ತವರಿನಲ್ಲಿ ಅವ್ವ ಹೋದ ಮೇಲೆ ಯಾರೂ ನನಗೆ ಹಾಗೆ ತುಂಬಿರಲಿಲ್ಲ. ಅವಳು ಮತ್ತೆ ಬೊಗಸೆ ತುಂಬಿದಳು.

"ಸಾಕ್ರಿ ನೀಲಮ್ಮ, ಆತಲ್ಲ," ಎಂದೆ.

"ಅದು ನಿಮ್ಮದು. ಇದು ಗೌರೀದು," ಎಂದಳು. "ಕೊಡ್ರಿ ಆಕೀನ ಈ ಊರಿಗೆ. ಆಕಿ ಅತ್ತಿ ಬೈದ್ರ ಇಲ್ಲಿಗೆ ಬರ್ಲಿ, ಬೈಲಿಲ್ಲಂದ್ರೂ ಬರ್ಲಿ. ಯಾಕ ಬಂದಿ ಅಂತ ನಾ ಕೇಳಂಗಿಲ್ಲ."

ಹಿಂತಿರುಗುವ ಬಸ್ಸಿನಲ್ಲಿ ಘಾಟಿಯ ಏರು ಬಂದಾಗ ಎಲ್ಲರೂ ಇಳಿದರು. ನಾನೂ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದು ನಡೆದೆ. ಮನೆ ಮುಟ್ಟಿದಾಗ ಸಂಜೆಯಾಗಿತ್ತು. ಯಜಮಾನರ ಜ್ವರ ಬಿಟ್ಟಿತ್ತು. ಅವರು ಕೇಳುವ ಮೊದಲೇ, "ಕೊಡೂಣು," ಎಂದೆ. ಗೌರಿ ಏನೂ ಕೇಳಿಸದವಳಂತೆ ನೀರು ತಂದಿಟ್ಟಳು. ಆಮೇಲೆ ನನ್ನ ಸೆರಗಿನ ಗಂಟು ಬಿಚ್ಚುತ್ತ ತಲೆ ತಗ್ಗಿಸಿ ಮೆಲ್ಲಗೆ ಕೇಳಿದಳು:

"ಎವ್ವಾ, ಇಷ್ಟು ಉಡಿ ಅತ್ತಿಮನಿಯವರು ತುಂಬಿದ್ರೇನು?"

"ಅಲ್ಲವ್ವ," ಎಂದೆ. "ನಿನ್ನ ತವರಿನವರು."