ಪೇಷೆಂಟ್ ಹೊರಗೆ ಕೂತಿರಲಿ

ಕಳೆದ ಭಾನುವಾರ ಹೊಸಕೆರೆಹಳ್ಳಿಯ ತಂಗಿ ಮನೆಯಲ್ಲಿ ಊಟಕ್ಕೆ ಕೂತಿದ್ದೆ. "ಶಶಿ, ಬುಧವಾರ ಆ ಕರುಳಿನ ಟೆಸ್ಟ್, ಕೊಲೊನೋಸ್ಕೋಪಿ, ಮುಗಿಸಿಬಿಡೋಣ. ಕ್ಯಾನ್ಸರ್ ಏನಾದ್ರೂ ಇದ್ರೆ ಈಗಲೇ ಗೊತ್ತಾಗುತ್ತೆ" ಅಂದೆ. ಸಾರು ಬಡಿಸುತ್ತಿದ್ದ ಅವಳ ಅತ್ತೆಯ ಕೈ ಅಲ್ಲೇ ನಿಂತಿತು.

"ಬಿಡ್ತು ಅನ್ನಿ. ಊಟದ ಹೊತ್ತಲ್ಲಿ ಎಂಥಾ ಮಾತು."

ಬಿಡ್ತು ಅಂದೆ. ಅಂದರೆ ರೋಗ ಹೆದರಿಕೊಂಡು ವಾಪಸ್ ಹೋಗುತ್ತದೆಯೇ? ಇದೇ ಕಾರಣಕ್ಕೆ ಆ ಟೆಸ್ಟ್ ಎರಡು ಸಲ ಮುಂದಕ್ಕೆ ಹೋಗಿತ್ತು. ಒಮ್ಮೆ ಆಷಾಢ, ಇನ್ನೊಮ್ಮೆ ಯಾರದೋ ಗೃಹಪ್ರವೇಶ.

ಹಿನ್ನೆಲೆ ಹೇಳಿಬಿಡುತ್ತೇನೆ. ಆರು ವರ್ಷದ ಹಿಂದೆ ಶಶಿಯ ಕೈಗೆ ಬಳೆ ಏರದಂತಾಯಿತು. ಚಪ್ಪಲಿ ಸೈಜ್ ಎರಡು ಸಲ ಬದಲಾಯಿತು. ನಾವೆಲ್ಲ "ದಪ್ಪ ಆಗ್ತಿದ್ದೀಯ, ವಾಕಿಂಗ್ ಮಾಡು" ಅಂತ ಉಪದೇಶ ಮಾಡಿದೆವು. (ಉಪದೇಶಕ್ಕೆ ಖರ್ಚಿಲ್ಲವಲ್ಲ.) ಕೊನೆಗೆ ಒಬ್ಬ ಡಾಕ್ಟರ್ ತಲೆ ಸ್ಕ್ಯಾನ್ ಮಾಡಿಸಿದರು. ಮೆದುಳಿನ ಬುಡದಲ್ಲಿ ಅವರೆಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ. ಅದು ಬೆಳವಣಿಗೆಯ ಹಾರ್ಮೋನನ್ನು ಬೇಕಾಬಿಟ್ಟಿ ಸುರಿಸುತ್ತಿತ್ತು. ಮೂಗಿನ ಮೂಲಕವೇ ಆಪರೇಷನ್ ಮಾಡಿ ತೆಗೆದರು. ರಿಪೋರ್ಟ್ ಬಂತು: ಬಿನೈನ್. ಕ್ಯಾನ್ಸರ್ ಅಲ್ಲ.

ನಮ್ಮ ಮನೆಗಳಲ್ಲಿ ಬಿನೈನ್ ಅಂದರೆ "ಏನೂ ಇಲ್ಲ" ಅಂತ. ಬನಶಂಕರಿ ದೇವಸ್ಥಾನದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿ ಬಂದೆವು. ಫೈಲು ಅಟ್ಟ ಸೇರಿತು.

ಎರಡು ತಿಂಗಳ ಹಿಂದೆ ಶಶಿ ಬಿಪಿ ಮಾತ್ರೆ ಬರೆಸಿಕೊಳ್ಳಲು ಜಯನಗರದ ಹೊಸ ಡಾಕ್ಟರ್ ಹತ್ತಿರ ಹೋದಳು. ಜೊತೆಗೆ ನಾನಿದ್ದೆ. ಹಳೆಯ ಆಪರೇಷನ್ ವಿಷಯ ಕೇಳಿದ್ದೇ ಆಕೆ, "ಕೊಲೊನೋಸ್ಕೋಪಿ ಆಗಿದೆಯಾ? ಥೈರಾಯ್ಡ್ ಸ್ಕ್ಯಾನ್?" ಅಂದರು.

"ತಲೇಲಿದ್ದ ಗಡ್ಡೆಗೂ ಹೊಟ್ಟೆಗೂ ಏನು ಸಂಬಂಧ ಮೇಡಂ?" ಶಶಿ ಕೇಳಿದಳು.

"ಆ ಹಾರ್ಮೋನ್ ವರ್ಷಗಟ್ಟಲೆ ಮೈಯೆಲ್ಲಾ ಓಡಾಡಿದೆಯಮ್ಮಾ. ಗಡ್ಡೆ ಕ್ಯಾನ್ಸರ್ ಅಲ್ಲ, ನಿಜ. ಆದ್ರೆ ಇದು ಇದ್ದೋರಿಗೆ ಮುಂದೆ ಕರುಳಲ್ಲಿ, ಥೈರಾಯ್ಡಲ್ಲಿ ಕ್ಯಾನ್ಸರ್ ಬರೋ ಚಾನ್ಸ್ ಉಳಿದೋರಿಗಿಂತ ಸ್ವಲ್ಪ ಜಾಸ್ತಿ ಇರಬಹುದು. ಬಂದೇ ಬರುತ್ತೆ ಅಂತಲ್ಲ, ನೋಡ್ಕೊಂಡಿರಬೇಕು. ಯಾರೂ ಹೇಳಿರಲಿಲ್ವಾ?"

"ಇಲ್ಲ" ಅಂದಳು ಶಶಿ.

ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮ ಆಸ್ಪತ್ರೆಗಳಲ್ಲಿ ಇದೆಂಥ ಪದ್ಧತಿ ಹೇಳಿ. "ಪೇಷೆಂಟ್ ಹೊರಗೆ ಕೂತಿರಲಿ, ಮನೆಯವರು ಒಳಗೆ ಬನ್ನಿ." ಕಾಯಿಲೆ ಯಾರದು? ದೇಹ ಯಾರದು? ಶಶಿ ಶ್ರೀನಗರದಲ್ಲಿ ನಾಲ್ಕು ಜನರನ್ನು ಇಟ್ಟುಕೊಂಡು ಬ್ಲೌಸ್ ಹೊಲಿಯುವ ಅಂಗಡಿ ನಡೆಸುವವಳು. ಅಂಥವಳನ್ನು ಕಾರಿಡಾರಿನ ಕುರ್ಚಿಯಲ್ಲಿ ಕೂರಿಸಿ, ಅವಳ ಕರುಳಿನ ಸಮಾಚಾರವನ್ನು ಇನ್ಯಾರಿಗೋ ಹೇಳುವುದು. ಆ ಇನ್ಯಾರೋ ಹೊರಗೆ ಬಂದು ತನಗೆ ಬೇಕಾದಷ್ಟು ಸೋಸಿ ದಾಟಿಸುವುದು. ಇದು ಕಾಳಜಿಯೇ? ನನ್ನ ಪ್ರಕಾರ ಶುದ್ಧ ದಬ್ಬಾಳಿಕೆ.

ಆಪರೇಷನ್ ಆದ ಮೇಲೆ ಅವತ್ತು ಒಳಗೆ ಹೋಗಿದ್ದು ಯಾರು ಗೊತ್ತೇ? ನಾನೇ.

ಸರ್ಜನ್ ಎಲ್ಲವನ್ನೂ ಹೇಳಿದ್ದರು. ಯಾವ ಟೆಸ್ಟ್, ಯಾಕೆ, ಎಲ್ಲ. ನಾನು ತಲೆಯಾಡಿಸಿ ಹೊರಗೆ ಬಂದೆ. ಶಶಿ ಮೂಗಿಗೆ ಹತ್ತಿ ಇಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು. "ಏನೂ ಇಲ್ವಂತೆ ಕಣೇ, ಆರಾಮಾಗಿರು" ಅಂದೆ. ಆಮೇಲೆ ಹೇಳಿದರಾಯಿತು ಅಂದುಕೊಂಡೆ. ಆ ಆಮೇಲೆ ಆರು ವರ್ಷ ಬರಲೇ ಇಲ್ಲ. ಹೊಸ ಡಾಕ್ಟರ್ "ಯಾರೂ ಹೇಳಿರಲಿಲ್ವಾ" ಅಂದಾಗಲೂ ನಾನು ಬಾಯಿ ಬಿಡಲಿಲ್ಲ. ಅಂಥ ನಾನು ಭಾನುವಾರ ಅವಳ ಅತ್ತೆಯ ಮೇಲೆ ಮನಸ್ಸಿನಲ್ಲೇ ರೇಗಿದೆ!

ಬುಧವಾರ ಟೆಸ್ಟ್ ಆಯಿತು. ಥೈರಾಯ್ಡ್ ಸರಿಯಿದೆ. ಕರುಳಿನಲ್ಲಿ ಎರಡು ಸಣ್ಣ ಗಂಟು ಸಿಕ್ಕಿವೆ. ತೆಗೆದು ಬಯಾಪ್ಸಿಗೆ ಕಳಿಸಿದ್ದಾರೆ. ಒಂದರ ಬಗ್ಗೆ ಡಾಕ್ಟರಿಗೆ ಅನುಮಾನವಿದೆ. ರಿಪೋರ್ಟ್ ಇನ್ನೂ ಬಂದಿಲ್ಲ.

ಆಟೋದಲ್ಲಿ ವಾಪಸ್ ಬರುವಾಗ ನಿಜ ಹೇಳಿದೆ. "ನೀನು ಹೆದರ್ಕೋತೀಯ ಅಂತ ಹೇಳ್ಲಿಲ್ಲ ಕಣೇ" ಅಂದೆ.

ಶಶಿ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಹೆದರ್ಕೋತಿದ್ದೆ. ಹೆದರ್ಕೊಂಡು ಹೋಗಿ ಆವಾಗ್ಲೇ ಟೆಸ್ಟ್ ಮಾಡಿಸ್ಕೋತಿದ್ದೆ ಅಲ್ವಾ ಅಣ್ಣ?"